ಯುಕಾತಾ ಎಡ-ಬಲ: ಶನಿವಾರ ಹೊರಡುವ ಮೊದಲು ಇದನ್ನು ಓದಿ

ಶನಿವಾರದ ಕಾಸ್‌ಪ್ಲೇಗೆ, ಅಂದರೆ ಅನಿಮೆ (ಜಪಾನಿ ಕಾರ್ಟೂನ್) ಪಾತ್ರಗಳ ವೇಷ ಹಾಕುವ ಕೂಟಕ್ಕೆ, "ಬೇಸಿಗೆ ಹಬ್ಬದ ಎಪಿಸೋಡ್ ಲುಕ್ ರೆಡಿ, ಹೇಗಿದೆ?" ಅಂತ ಎರಡು ಫೋಟೋ ಹಾಕಿದ್ದೀರಿ. ಬಣ್ಣ ಚೆನ್ನಾಗಿದೆ, ಒಬಿ (ಸೊಂಟಪಟ್ಟಿ) ಕೂಡ ಬಿಗಿಯಾಗಿ ಕೂತಿದೆ. ಆದರೆ ಯುಕಾತಾದ, ಅಂದರೆ ಮುಂದೆ ಒಂದರ ಮೇಲೊಂದು ಮಡಚಿ ಉಡುವ ಆ ಜಪಾನಿ ನಿಲುವಂಗಿಯ, ಬಲಭಾಗ (ನಿಮ್ಮ ಬಲಗೈ ಕಡೆಯದು) ಮೇಲೆ ಬಂದಿದೆ. ದಯವಿಟ್ಟು ಹಾಗೇ ಹೋಗಬೇಡಿ. ಜಪಾನಿನಲ್ಲಿ ಬಲಭಾಗ ಮೇಲೆ ಬರುವ ಹಾಗೆ ಉಡಿಸುವುದು ಹೆಣಕ್ಕೆ.

ನಾನೂ ಇದೇ ತಪ್ಪು ಮಾಡಿದ್ದೆ. 'ಮಿಗಿ-ಮಾಎ' ಅನ್ನುವ ಪದ ಓದಿ, ಬಲ ಮುಂದೆ ಅಂದರೆ ಬಲ ಮೇಲೆ ಅಂದುಕೊಂಡೆ. ನಿಜವಾದ ಅರ್ಥ, ಬಲಭಾಗ ಮೊದಲು ಮೈಗೆ ತಾಗಬೇಕು, ಎಡಭಾಗ ಅದರ ಮೇಲೆ ಬರಬೇಕು. 719ರಲ್ಲೇ ಎಲ್ಲರೂ ಹೀಗೇ ಉಡಬೇಕು ಅಂತ ಆಜ್ಞೆ ಆಗಿತ್ತು. ಅವತ್ತು ವಯಸ್ಸಾದ ಜಪಾನಿ ಹೆಂಗಸೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಏನೂ ಹೇಳದೆ ಒಬಿ ಬಿಚ್ಚಿ, ಮತ್ತೆ ಸುತ್ತಿ, ಕುತ್ತಿಗೆ ಪಟ್ಟಿಯನ್ನು ಅಂಗೈಯಿಂದ ಎರಡು ಸಲ ತಟ್ಟಿ ಕೂರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು, ಹಾಗೆ ಉಟ್ಟಿದ್ದನ್ನು ಕೊನೆಯದಾಗಿ ನೋಡಿದ್ದು ತಮ್ಮ ತಾಯಿಯ ಮೈಮೇಲೆ ಅಂತ. ಆ ಎರಡು ತಟ್ಟು ನನಗೆ ಇನ್ನೂ ನೆನಪಿದೆ.

ಸಾವಿನ ಮನೆಯಲ್ಲಿ ಜಪಾನಿನವರು ಎಲ್ಲವನ್ನೂ ತಿರುವುಮುರುವು ಮಾಡುತ್ತಾರೆ, 'ಸಕಸಗೊತೊ' ಅಂತ. ಹೆಣ ತೊಳೆಯುವ ನೀರಿಗೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ನಮ್ಮಲ್ಲಿ ತಿಥಿ ದಿನ ಜನಿವಾರ ಅಪಸವ್ಯ ಮಾಡಿಕೊಳ್ಳುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅನಿಮೆಯ ದೆವ್ವಕ್ಕೆ ಬಿಳಿ ಬಟ್ಟೆ, ಹಣೆಗೆ ತ್ರಿಕೋನ ಪಟ್ಟಿ, ಬಲಭಾಗ ಮೇಲೆ, ಇದೆಲ್ಲ ಅಲ್ಲಿಂದಲೇ ಬಂದದ್ದು.

ನನ್ನ ವಿಧಾನ ಹೀಗಿದೆ. ಬಲ ಅಂಚಿನ ಒಳಗಡೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ಆ ಕೆಂಪು ಮೊದಲು ಎಡ ಸೊಂಟಕ್ಕೆ ಹೋಗಬೇಕು. ಎಡಭಾಗ ಅದರ ಮೇಲೆ ಹಾದು ಬಲ ಸೊಂಟಕ್ಕೆ. ಉಟ್ಟಾದ ಮೇಲೆ ನಿಮ್ಮ ಬಲಗೈ ಎದೆಯ ಹತ್ತಿರ ಮಡಿಕೆಯೊಳಗೆ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಿಚ್ಚಿ. ಕನ್ನಡಿಯನ್ನು ನಂಬಬೇಡಿ, ಸೆಲ್ಫಿ ಕ್ಯಾಮೆರಾವನ್ನಂತೂ ನಂಬಲೇಬೇಡಿ, ಕೆಲವು ಫೋನುಗಳು ಚಿತ್ರವನ್ನು ತಿರುಗಿಸಿಯೇ ಉಳಿಸುತ್ತವೆ. ಹಳೆಯ ಇಂಗ್ಲಿಷ್ ಮಾಂಗಾ (ಜಪಾನಿ ಚಿತ್ರಕಥೆ ಪುಸ್ತಕ) ನೋಡಿ ಕಲಿಯುವವರಿಗೂ ಇದೇ ಮಾತು. ಎಡದಿಂದ ಓದಲಿ ಅಂತ ಎಷ್ಟೋ ಪುಸ್ತಕಗಳ ಪುಟವನ್ನೇ ಮಗುಚಿ ಅಚ್ಚು ಹಾಕಿದ್ದರು, ಅದರಲ್ಲಿ ಬದುಕಿದ್ದವರೆಲ್ಲ ಸತ್ತವರ ಹಾಗೆ ಉಟ್ಟಿರುತ್ತಾರೆ. ಇನ್ನೊಂದು, ಶರ್ಟಿನ ಗುಂಡಿ ತರ ಗಂಡಸರಿಗೊಂದು ಹೆಂಗಸರಿಗೊಂದು ಅಂತ ಇಲ್ಲ. ಇಬ್ಬರಿಗೂ ಎಡವೇ ಮೇಲೆ.

ಬಟ್ಟೆ ಬಗ್ಗೆಯೂ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಸಿಗುವ ಹೊಳೆಯುವ ಸ್ಯಾಟಿನ್ ಸೆಟ್ ಸುಮ್ನೆ ದುಡ್ಡು ದಂಡ. ಅರ್ಧ ಗಂಟೆಗೆ ಜಾರಿ ಕುತ್ತಿಗೆ ಬಿಟ್ಟುಕೊಳ್ಳುತ್ತದೆ. ಯುಕಾತಾ ಅಂದರೆ ಬೇಸಿಗೆಯ ಬಟ್ಟೆ, ಸ್ನಾನ ಮಾಡಿ ಉಡುತ್ತಿದ್ದದ್ದು. ಹತ್ತಿಯೇ ಸರಿ. ಚಿಕ್ಕಪೇಟೆಯಲ್ಲಿ ಹತ್ತಿ ಬಟ್ಟೆ ತೆಗೆದುಕೊಂಡು ಹೊಲಿಸಿ.

ಎರಡನೇ ಫೋಟೋದಲ್ಲಿ ಅನ್ನದ ಬಟ್ಟಲಿಗೆ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿದ್ದೀರಲ್ವಾ, ಅದನ್ನೂ ತೆಗೆಯಿರಿ. ಸತ್ತವರ ತಲೆಯ ಹತ್ತಿರ ಇಡುವ ಅನ್ನಕ್ಕೆ ಹಾಗೆ ಚುಚ್ಚುತ್ತಾರೆ. ಗೆಳತಿಗೆ ತಿನಿಸನ್ನು ಚಾಪ್‌ಸ್ಟಿಕ್‌ನಿಂದ ಚಾಪ್‌ಸ್ಟಿಕ್‌ಗೆ ದಾಟಿಸುವ ಪೋಸೂ ಬೇಡ. ಚಿತೆಯ ನಂತರ ಮೂಳೆ ಎತ್ತುವ ರೀತಿ ಅದು.

ಮೇಲೆ ಒಬ್ಬರು ಸೌತೆಕಾಯಿ ಕುದುರೆ ಕೈಯಲ್ಲಿ ಹಿಡಿದುಕೊಳ್ಳಿ, ಮುದ್ದಾಗಿರುತ್ತೆ ಅಂದಿದ್ದಾರೆ. ಅದು ಓಬೊನ್ ಹಬ್ಬದಲ್ಲಿ ಪಿತೃಗಳಿಗೆ ಇಡುವುದು. ಬೇಗ ಬರಲಿ ಅಂತ ಸೌತೆಕಾಯಿ ಕುದುರೆ, ನಿಧಾನ ಹೋಗಲಿ ಅಂತ ಬದನೆಕಾಯಿ ಹಸು. ಆಟದ ಸಾಮಾನಲ್ಲ. ಬದಲಿಗೆ ನರಿ ಮುಖವಾಡ ಮಾಡಿ, ಹಬ್ಬದ ಅಂಗಡಿಗಳಲ್ಲಿ ನಿಜವಾಗಿಯೂ ಸಿಗುವಂಥದ್ದು. ಪೇಪರ್ ತಿರುಳಿನ ಮೇಲೆ ಫೆವಿಕ್ರಿಲ್ ಅಕ್ರಿಲಿಕ್ ಚೆನ್ನಾಗಿ ಹಿಡಿಯುತ್ತದೆ, ಪೋಸ್ಟರ್ ಕಲರ್ ಮಾತ್ರ ಬೇಡ, ಬೆವರಿಗೆ ಕೆನ್ನೆಗೆಲ್ಲ ಇಳಿಯುತ್ತದೆ. ಮುಖವಾಡವನ್ನು ತಲೆಯ ಪಕ್ಕಕ್ಕೆ ಕಟ್ಟಿ.

ಸರಿ ಮಾಡಿ ಉಟ್ಟ ಮೇಲೆ ಬೇರೆಯವರ ಕೈಲಿ ಹಿಂದಿನ ಕ್ಯಾಮೆರಾದಲ್ಲಿ ಫೋಟೋ ತೆಗೆಸಿ ಇಲ್ಲೇ ಹಾಕಿ. ಶುಕ್ರವಾರ ರಾತ್ರಿ ಎಷ್ಟೊತ್ತಾದರೂ ನೋಡಿ ಹೇಳುತ್ತೇನೆ.