ಮಸೆರಾಟಿ 250ಎಫ್ ರೇಸ್ ಕಾರಿಗೆ ಇಷ್ಟೊಂದು ಹೆಸರು ಬಂದದ್ದು ಹೇಗೆ?

1954ರಲ್ಲಿ ಫಾರ್ಮುಲಾ ಒನ್ ನಿಯಮ ಬದಲಾಗಿ 2.5 ಲೀಟರ್ ಎಂಜಿನ್‌ಗೆ ಅವಕಾಶ ದೊರೆತಾಗ, ಇಟಲಿಯ ಮೊಡೆನಾದಲ್ಲಿ ಮಸೆರಾಟಿ ಸಂಸ್ಥೆ ಈ ಒಂಟಿ ಆಸನದ ಕಾರನ್ನು ಸಿದ್ಧಪಡಿಸಿತು. ಹೆಸರಿನಲ್ಲಿರುವ 250 ಎಂಬುದು ಎಂಜಿನ್ನಿನ ಗಾತ್ರವನ್ನೂ, ಎಫ್ ಎಂಬುದು ಫಾರ್ಮುಲಾವನ್ನೂ ಸೂಚಿಸುತ್ತದೆ. ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳು ಮುಂಭಾಗದಲ್ಲಿದ್ದವು. ಇಂಧನದ ಟ್ಯಾಂಕ್ ಚಾಲಕನ ಬೆನ್ನ ಹಿಂದಿತ್ತು. ಅರ್ಜೆಂಟೀನಾದಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲೇ ಹುವಾನ್ ಮನುವೆಲ್ ಫಾಂಜಿಯೊ ಇದನ್ನು ಗೆಲ್ಲಿಸಿದರು. 1956ರಲ್ಲಿ ಸ್ಟರ್ಲಿಂಗ್ ಮಾಸ್ ಮೊನಾಕೊ ಮತ್ತು ಇಟಲಿಯ ಗ್ರ್ಯಾನ್ ಪ್ರೀಗಳನ್ನು ಇದರಲ್ಲೇ ಗೆದ್ದರು.

ಆದರೆ ಈ ಕಾರನ್ನು ಅಮರಗೊಳಿಸಿದ್ದು 1957ರ ಆಗಸ್ಟ್ 4ರಂದು, ಒಂದು ಸುತ್ತಿಗೇ ಸುಮಾರು 22.8 ಕಿಲೋಮೀಟರ್ ಉದ್ದವಿದ್ದ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ ಸ್ಪರ್ಧೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರು ಹಗುರವಾಗಿರಲೆಂದು ಅರ್ಧ ಟ್ಯಾಂಕ್ ಇಂಧನದೊಂದಿಗೆ ಹೊರಟ ಫಾಂಜಿಯೊ, ಇಂಧನ ತುಂಬಿ ಟೈರ್ ಬದಲಿಸಲು ಮಧ್ಯದಲ್ಲಿ ನಿಲ್ಲಬೇಕಾಯಿತು. ಅಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದರಿಂದ, ಫೆರಾರಿ ಓಡಿಸುತ್ತಿದ್ದ ಹಾಥಾರ್ನ್ ಮತ್ತು ಕಾಲಿನ್ಸ್ ಬಹಳ ಮುಂದೆ ಹೋಗಿದ್ದರು. ಅನಂತರ ಫಾಂಜಿಯೊ ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿದು, ಒಂದು ಸುತ್ತನ್ನು 9 ನಿಮಿಷ 17.4 ಸೆಕೆಂಡಿನಲ್ಲಿ ಮುಗಿಸಿದರು. ಇದು ಅರ್ಹತಾ ಸುತ್ತಿನಲ್ಲಿ ಅವರೇ ಸಾಧಿಸಿದ್ದ ಸಮಯಕ್ಕಿಂತ ಎಂಟು ಸೆಕೆಂಡಿಗೂ ಹೆಚ್ಚು ವೇಗವಾಗಿತ್ತು! ಕೊನೆಯಿಂದ ಎರಡನೆಯ ಸುತ್ತಿನಲ್ಲಿ ಇಬ್ಬರನ್ನೂ ಹಿಂದಿಕ್ಕಿ ಗೆದ್ದ ಅವರಿಗೆ ಐದನೆಯ ವಿಶ್ವ ಪ್ರಶಸ್ತಿಯೂ ಅಲ್ಲೇ ಖಚಿತವಾಯಿತು.

ಎಂಜಿನ್ನನ್ನು ಹಿಂಭಾಗದಲ್ಲಿಟ್ಟ ಹಗುರವಾದ ಕೂಪರ್ ಕಾರುಗಳು ಬಂದ ಮೇಲೆ ಇದರ ಕಾಲ ಮುಗಿಯಿತು. ಅದಕ್ಕೂ ಮೊದಲು, 1958ರಲ್ಲಿ, ವಿಶ್ವ ಚಾಂಪಿಯನ್‌ಶಿಪ್ ಸ್ಪರ್ಧೆಯಲ್ಲಿ ಓಡಿದ ಮೊದಲ ಮಹಿಳೆ ಮರಿಯಾ ತೆರೇಸಾ ದೆ ಫಿಲಿಪಿಸ್ ಚಲಾಯಿಸಿದ್ದೂ 250ಎಫ್ ಕಾರನ್ನೇ.