ಮಾಡೆಲ್ ರೈಲು ಎಂಜಿನ್ನಿನ ಫ್ಯಾಕ್ಟರಿ ಬಣ್ಣ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಅಥರ್ನ್ ಕಂಪನಿಯ ಸೆಕೆಂಡ್ ಹ್ಯಾಂಡ್ ಎಚ್‌ಒ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆಯ) ಡೀಸೆಲ್ ಎಂಜಿನ್ ಸಿಕ್ಕಿದೆ. ಅಮೆರಿಕದ ಕಾನ್‌ರೇಲ್ ರೈಲು ಕಂಪನಿಯ ನೀಲಿ ಬಣ್ಣದ್ದು. ಅದನ್ನು ಅಲ್ಲಿನದೇ ಇನ್ನೊಂದು ರೈಲು ಕಂಪನಿ ನಾರ್ಫೋಕ್ ಸದರ್ನ್‌ನ ಕಪ್ಪಿಗೆ ಬದಲಾಯಿಸಬೇಕು. ಹಳೇ ಬಣ್ಣ ತೆಗೆಯುವುದಕ್ಕೆ ಥಿನ್ನರ್ ಆಗುತ್ತದಾ?

ಥಿನ್ನರ್ ಬೇಡವೇ ಬೇಡ. ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ, ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಈ ಎಂಜಿನ್‌ಗಳ ಶೆಲ್‌ಗಳು, ಅಂದರೆ ಹೊರಗವಚಗಳು, ಹೆಚ್ಚಾಗಿ ಸ್ಟೈರೀನ್ ಇಲ್ಲವೇ ಎಬಿಎಸ್ ಪ್ಲಾಸ್ಟಿಕ್ಕಿನವು. ಅಸಿಟೋನ್ ಇವೆರಡನ್ನೂ ಕರಗಿಸುತ್ತದೆ. ಬಣ್ಣ ಬಿಡುವ ಹೊತ್ತಿಗೆ ರಿವೆಟ್, ಗ್ರಿಲ್ ಎಲ್ಲ ಮಾಯ. ಹಾಗಾಗಿ ಬಣ್ಣ ಎಷ್ಟು ಗಟ್ಟಿ ಅಂತ ನೋಡಬೇಡಿ, ಕೆಳಗಿರುವ ಪ್ಲಾಸ್ಟಿಕ್ ಎಷ್ಟು ತಡೆಯುತ್ತದೆ ಅಂತ ನೋಡಿ.

ಅದಕ್ಕೂ ಮೊದಲು, ಬಣ್ಣ ಪೂರ್ತಿ ತೆಗೆಯಲೇಬೇಕಾ? ನೀಲಿಯ ಮೇಲೆ ಕಪ್ಪು ಸುಲಭವಾಗಿ ಕೂರುತ್ತದೆ. ಕಾಟ ಕೊಡುವುದು ಅಕ್ಷರಗಳು. ಪ್ರಿಂಟ್ ಮಾಡಿದ ಅಕ್ಷರಗಳ ಅಂಚು ಸ್ವಲ್ಪ ಎದ್ದಿರುತ್ತದೆ. ಸುಮ್ನೆ ಮೇಲೆ ಬಳಿದರೆ ಬೆಳಕು ಓರೆಯಾಗಿ ಬಿದ್ದಾಗ ಹಳೇ ಹೆಸರು ಎದ್ದು ಕಾಣುತ್ತದೆ. ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ತೆಳು ಅಕ್ಷರ-ಚಿತ್ರದ ಹಾಳೆ) ಮೆತ್ತಗೆ ಮಾಡುವ ದ್ರವಗಳಾದ ಸೋಲ್ವಾಸೆಟ್ ಅಥವಾ ಮೈಕ್ರೋ ಸೋಲ್ ಅನ್ನು ಅಕ್ಷರದ ಮೇಲೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಉಜ್ಜಿ. ಹಲವು ಸಲ ಅಕ್ಷರ ಮಾತ್ರ ಹೋಗಿ ನೀಲಿ ಹಾಗೇ ಉಳಿಯುತ್ತದೆ.

ನಿಜವಾದ ರೈಲಿನವರೂ ಇಷ್ಟೇ ಮಾಡಿದ್ದು. ಕಾನ್‌ರೇಲ್ ಅನ್ನು ನಾರ್ಫೋಕ್ ಸದರ್ನ್ ಮತ್ತು ಸಿಎಸ್‌ಎಕ್ಸ್ ಎಂಬ ರೈಲು ಕಂಪನಿಗಳು 1999ರಲ್ಲಿ ಹಂಚಿಕೊಂಡವು. ಎಲ್ಲ ಎಂಜಿನ್‌ಗಳಿಗೂ ತಕ್ಷಣ ಹೊಸ ಬಣ್ಣ ಬೀಳಲಿಲ್ಲ. ಎಷ್ಟೋ ಎಂಜಿನ್‌ಗಳು ಹಳೇ ಹೆಸರಿನ ಮೇಲೆ ತೇಪೆ ಬಳಿಸಿಕೊಂಡು, ಹೊಸ ನಂಬರ್ ಹಾಕಿಸಿಕೊಂಡು, ವರ್ಷಗಟ್ಟಲೆ ನೀಲಿಯಲ್ಲೇ ಓಡಿದವು. ನನ್ನನ್ನು ಕೇಳಿದರೆ ಆ ತೇಪೆ ಎಂಜಿನ್ನೇ ಹೊಸ ಕಪ್ಪಿಗಿಂತ ಚೆಂದ. ಕೆಲಸವೂ ಕಡಿಮೆ.

ಇಲ್ಲ, ಪೂರ್ತಿ ತೆಗೆಯಲೇಬೇಕು ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ (ಐಪಿಎ) ತನ್ನಿ. ಅಮೆರಿಕದಲ್ಲಿ ಔಷಧಿ ಅಂಗಡಿಯಲ್ಲೇ 91% ಸಿಗುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯುವುದಕ್ಕೆ ಮಾರುವ ಐಪಿಎ ಕೇಳಿ. ಹ್ಯಾಂಡ್ ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ನೀರು ಜಾಸ್ತಿ, ಗ್ಲಿಸರಿನ್‌ನಂಥದ್ದೂ ಬೆರೆತಿರುತ್ತದೆ.

ಶೆಲ್ ಬಿಚ್ಚಿ ಕಿಟಕಿ, ಲೈಟಿನ ಲೆನ್ಸ್, ಹ್ಯಾಂಡ್‌ರೇಲ್ ಎಲ್ಲ ತೆಗೆದಿಡಿ. ಪಾರದರ್ಶಕ ಪ್ಲಾಸ್ಟಿಕ್ ಆಲ್ಕೋಹಾಲಿನಲ್ಲಿ ಸಣ್ಣಗೆ ಬಿರುಕು ಬಿಟ್ಟು ಮಂಜಾಗಬಹುದು. ಶೆಲ್‌ನ ಒಳಗಡೆ, ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಿ. ಪ್ಲಾಸ್ಟಿಕ್ ಅಂಟಂಟಾಗದಿದ್ದರೆ ಮುಚ್ಚಳವಿರುವ ಡಬ್ಬದಲ್ಲಿ ಪೂರ್ತಿ ಮುಳುಗಿಸಿ. ಕೆಲವು ಬಣ್ಣ ಹತ್ತಿಪ್ಪತ್ತು ನಿಮಿಷದಲ್ಲೇ ಸುಕ್ಕುಗಟ್ಟುತ್ತದೆ, ಕೆಲವಕ್ಕೆ ಗಂಟೆಗಟ್ಟಲೆ ಬೇಕು. ಆಗಾಗ ತೆಗೆದು ಹಳೇ ಮೆತ್ತನೆಯ ಟೂತ್‌ಬ್ರಶ್‌ನಿಂದ ಉಜ್ಜಿ, ಮತ್ತೆ ಮುಳುಗಿಸಿ. ರಾತ್ರಿಯಿಡೀ ಬಿಟ್ಟು ಮಲಗಬೇಡಿ. ಜಾಸ್ತಿ ಹೊತ್ತು ನೆನೆದರೆ ತೆಳ್ಳಗಿನ ಭಾಗಗಳು ಪೆಡಸಾಗಿ ಒಡೆಯುತ್ತವೆ. ಚಾಕು, ಪಿನ್ನು ಯಾವುದೂ ಬೇಡ.

ಐಪಿಎ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆಮನೆ, ದೇವರ ದೀಪ, ಊದುಬತ್ತಿ ಹತ್ತಿರ ಇಟ್ಟುಕೊಳ್ಳಬೇಡಿ. ಬೇಗ ಆಗಲಿ ಅಂತ ಬಿಸಿ ಮಾಡುವುದಂತೂ ಬೇಡ. ಕಿಟಕಿ ತೆಗೆದಿಡಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಇದಕ್ಕೂ ಬಣ್ಣ ಬಗ್ಗದಿದ್ದರೆ ಬ್ರೇಕ್ ಆಯಿಲ್ ಹಾಕುವವರು ಇದ್ದಾರೆ. ಡಾಟ್ 3 ಕೆಲಸ ಮಾಡುತ್ತದೆ. ಡಾಟ್ 5 ಸಿಲಿಕೋನ್ ಆದ್ದರಿಂದ ಏನೂ ಆಗುವುದಿಲ್ಲ. ಆದರೆ ಕೆಲವು ಪ್ಲಾಸ್ಟಿಕ್ ಬ್ರೇಕ್ ಆಯಿಲ್‌ನಲ್ಲಿ ಪೆಡಸಾಗುತ್ತದೆ, ನಾನಂತೂ ಅದನ್ನು ಬಳಸಿ ಅಂತ ಹೇಳುವುದಿಲ್ಲ. ಬ್ರಿಟನ್ನಿನ ಮಾಡೆಲ್ ಮಾಡುವವರಲ್ಲಿ ಡೆಟಾಲ್‌ಗೆ ಒಳ್ಳೆ ಹೆಸರಿದೆ. ನೀರು ಬೆರೆಸದೆ ಹಾಗೇ ಬಳಸಬೇಕು. ಉಜ್ಜಿದ ಮೇಲೂ ಮೊದಲು ಡೆಟಾಲಿನಲ್ಲೇ ಅದ್ದಿ ತೊಳೆಯಿರಿ. ನೇರವಾಗಿ ನಲ್ಲಿ ಕೆಳಗೆ ಹಿಡಿದರೆ ಕರಗಿದ ಬಣ್ಣ ಹಲಸಿನ ಮೇಣದ ಥರ ಅಂಟಿಕೊಳ್ಳುತ್ತದೆ. ಮನೆಯೆಲ್ಲ ಆಸ್ಪತ್ರೆ ವಾಸನೆ ಬರುತ್ತದೆ, ಅದಕ್ಕೆ ಮನೆಯವರನ್ನು ಒಪ್ಪಿಸುವುದು ನಿಮ್ಮ ಜವಾಬ್ದಾರಿ.

ಕೊನೆಯಲ್ಲಿ ಪ್ಲಾಸ್ಟಿಕ್ ಮೇಲೆ ತಿಳಿ ನೀಲಿ ಕಲೆ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್ ಅದನ್ನು ಮುಚ್ಚುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಚೆನ್ನಾಗಿ ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇಷ್ಟೂ ಪ್ಲಾಸ್ಟಿಕ್ ಶೆಲ್‌ಗೆ. ಮುಂದೆ ಯಾವಾಗಾದರೂ ಹಿತ್ತಾಳೆ ಎಂಜಿನ್ ಸಿಕ್ಕಿದರೆ ಥಿನ್ನರ್ ಧಾರಾಳವಾಗಿ ಹಾಕಬಹುದು. ಆದರೆ ಅಂಟು ಹಾಕಿ ಕೂರಿಸಿದ ಬಿಡಿಭಾಗಗಳು ಕಳಚಿ ಬರಬಹುದು, ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.