ಸರ್ವರ್ ಕೋಣೆಯ ಮೂರು ವರ್ಷ: ಒಂದು ವೃತ್ತಿ ಆಪ್ತಸಲಹೆ ಪ್ರಕರಣ

ಉದ್ಯೋಗದ ವಿಚಾರವಾಗಿ ಸಲಹೆ ಕೇಳಿ ಬಂದ ಒಬ್ಬ ತರುಣಿಯ ಪ್ರಕರಣವನ್ನು ಅವರ ಲಿಖಿತ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ಅವರ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅವರ ಮನಸ್ಸಿನ ಗಂಟು ಬಿಚ್ಚಿಕೊಂಡದ್ದು ಆ ಸಂಗತಿಗಳ ಮೂಲಕವೇ. ಆಪ್ತಸಲಹೆಯ ತರಬೇತಿ ಪಡೆಯುವ ಮೊದಲು ನಾನು ಹನ್ನೊಂದು ವರ್ಷ ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿದ್ದೆ. ಈ ಪ್ರಕರಣದಲ್ಲಿ ಆ ಅನುಭವ ನೆರವಿಗೆ ಬಂತು.

ತರುಣಿಗೆ 26 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಬಿಸಿಎ ಮುಗಿಸಿ, ಬೆಂಗಳೂರಿನ ಪೀಣ್ಯದ ಕಡೆಯ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಸಿಸ್ಟಮ್ ಅಡ್ಮಿನ್ ಆಗಿದ್ದಾರೆ. ಸುಮಾರು 80 ಕಂಪ್ಯೂಟರುಗಳು, ಎರಡು ಸರ್ವರುಗಳು, ಯಂತ್ರಗಳ ಕೇಬಲ್ಲುಗಳನ್ನು ಒಂದುಗೂಡಿಸುವ ಸ್ವಿಚ್, ಜಾಲವನ್ನು ಕಾಯುವ ಫೈರ್‌ವಾಲ್, ಯುಪಿಎಸ್, ಹಾಜರಾತಿ ಯಂತ್ರ ಎಲ್ಲವೂ ಅವರ ಮೇಲೆಯೇ. ಕಾರ್ಖಾನೆಯಲ್ಲಿ ಅವರನ್ನು ಕರೆಯುವುದು ‘ಕಂಪ್ಯೂಟರ್ ರಿಪೇರಿ ಹುಡುಗಿ’ ಎಂದು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ಅಣ್ಣ, ‘ಸರ್ವರ್ ಕೋಣೆಯ ಕಾಲ ಮುಗಿಯಿತು, ಕ್ಲೌಡ್ ಕಲಿ’ ಎಂದು ಹೇಳುತ್ತಲೇ ಬಂದಿದ್ದರು. ಕ್ಲೌಡ್ ಎಂದರೆ ಬೇರೆ ಕಂಪನಿಯ ಸರ್ವರುಗಳನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಪಡೆದು ಬಳಸುವುದು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕೊಟ್ಟ 45,000 ರೂಪಾಯಿಯಲ್ಲಿ ಇವರು ಒಂದು ತರಬೇತಿ ಕೇಂದ್ರದಲ್ಲಿ ಮೂರು ತಿಂಗಳ ಕ್ಲೌಡ್ ಕೋರ್ಸ್ ಮಾಡಿ, ಆರಂಭಿಕ ಹಂತದ ಪ್ರಮಾಣಪತ್ರ ಪರೀಕ್ಷೆಯಲ್ಲೂ ತೇರ್ಗಡೆಯಾದರು. ಆ ಬಳಿಕ ಐದು ಸಂದರ್ಶನಗಳಿಗೆ ಹೋದರು, ಐದರಲ್ಲೂ ಆಯ್ಕೆಯಾಗಲಿಲ್ಲ. ನನ್ನ ಬಳಿ ಬರುವ ಹೊತ್ತಿಗೆ ನಿದ್ದೆ ಕೆಟ್ಟಿತ್ತು. ಕೆಲಸ ಬಿಟ್ಟು, ಇನ್ನೂ 1,20,000 ರೂಪಾಯಿ ಸಾಲ ಮಾಡಿ ಮುಂದಿನ ಹಂತದ ಕೋರ್ಸ್ ಸೇರಬೇಕೆಂದು ತೀರ್ಮಾನಿಸಿಯೇ ಬಂದಿದ್ದರು. ‘ಮೂರು ವರ್ಷ ಹಳೇ ಡಬ್ಬಗಳ ಜೊತೆ ಕಳೆದುಬಿಟ್ಟೆ ಮೇಡಂ’ ಎಂಬುದು ಅವರ ಮೊದಲ ಮಾತು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅವರ ಆತಂಕವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಯಾವ ಪ್ರಮಾಣಪತ್ರ ಒಳ್ಳೆಯದು, ಯಾವುದು ಬೇಡ ಎಂಬ ಲೆಕ್ಕಕ್ಕೆ ಇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರಾದರೂ ಬಂದಾಗ ಇದ್ದುದಕ್ಕಿಂತ ಕುಗ್ಗಿಯೇ ಹೊರಟರು. ಎರಡನೆಯ ಭೇಟಿಯಲ್ಲಿ ಕೋರ್ಸಿನ ಮಾತನ್ನೇ ಎತ್ತದೆ, ಕಾರ್ಖಾನೆಯಲ್ಲಿ ಇತ್ತೀಚೆಗೆ ಏನು ಕೆಟ್ಟಿತ್ತು, ನೀವು ಹೇಗೆ ಸರಿಪಡಿಸಿದಿರಿ ಎಂದಷ್ಟೇ ಕೇಳಿದೆ.

ಅವರು ಹೇಳಿದ್ದು ಇದು. ಪ್ರತಿ ಸೋಮವಾರ ಬೆಳಿಗ್ಗೆ ಲೆಕ್ಕಪತ್ರ ವಿಭಾಗದ ಕೆಲವು ಕಂಪ್ಯೂಟರುಗಳಿಗೆ ಸರ್ವರ್ ಸಿಗುತ್ತಿರಲಿಲ್ಲ, ಇನ್ನು ಕೆಲವಕ್ಕೆ ಸಿಗುತ್ತಿತ್ತು. ಕೆಟ್ಟ ಯಂತ್ರವೊಂದರಲ್ಲಿ ನೋಡಿದರೆ, ಜಾಲದಿಂದ ಹೊರಹೋಗುವ ಬಾಗಿಲಾದ ಗೇಟ್‌ವೇಯ ವಿಳಾಸ 192.168.1.1 ಇರಬೇಕಾದ ಜಾಗದಲ್ಲಿ 192.168.0.1 ಇತ್ತು. ಅಂದರೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಇನ್ನೊಂದು ಎಲ್ಲೋ ಇದೆ ಎಂದು ಅವರು ಊಹಿಸಿದರು. ಆ ಗೇಟ್‌ವೇಯ ಮ್ಯಾಕ್ ವಿಳಾಸ (ಸಾಧನದ್ದೇ ಆದ ಗುರುತಿನ ಸಂಖ್ಯೆ) ತೆಗೆದು, ಸ್ವಿಚ್ಚಿನ ಪಟ್ಟಿಯಲ್ಲಿ ಅದು 17ನೇ ಪೋರ್ಟಿನಲ್ಲಿರುವುದನ್ನು ಕಂಡು, ಆ ಕೇಬಲ್ಲಿನ ಜಾಡು ಹಿಡಿದು ಕಟಿಂಗ್ ವಿಭಾಗದವರೆಗೆ ನಡೆದರು. ಅಲ್ಲಿ ಯಾರೋ ತಮ್ಮ ಮೊಬೈಲಿಗೆ ಇರಲಿ ಎಂದು ಮನೆಯ ವೈಫೈ ರೂಟರ್ ತಂದು ಸಿಕ್ಕಿಸಿದ್ದರು. ಸೋಮವಾರವೇ ಏಕೆ ಎಂಬುದಕ್ಕೂ ಅವರ ಬಳಿ ಉತ್ತರವಿತ್ತು: ವಿಳಾಸದ ಅವಧಿ 24 ಗಂಟೆ; ಭಾನುವಾರ ಎಲ್ಲ ಯಂತ್ರಗಳೂ ಆರಿರುವುದರಿಂದ ಅವಧಿ ಮುಗಿದು, ಸೋಮವಾರ ಹೊಸದಾಗಿ ವಿಳಾಸ ಕೇಳುತ್ತವೆ; ಎರಡರಲ್ಲಿ ಯಾವುದು ಮೊದಲು ಉತ್ತರಿಸಿತೋ ಅದರ ಪಾಲಾಗುತ್ತವೆ.

ಇಷ್ಟನ್ನು ಹೇಳುವಾಗ ಅವರ ದನಿಯಲ್ಲಿ ಅಳುಕಿರಲಿಲ್ಲ. ಇದನ್ನು ಯಾವ ಸಂದರ್ಶನದಲ್ಲಾದರೂ ಹೇಳಿದ್ದೀರಾ ಎಂದು ಕೇಳಿದೆ. ‘ಅದು ಕ್ಲೌಡ್ ಅಲ್ಲವಲ್ಲ ಮೇಡಂ’ ಎಂದರು.

ಸಂದರ್ಶನಗಳಲ್ಲಿ ಅವರು ಎಡವುತ್ತಿದ್ದುದು ಬಹುಮಟ್ಟಿಗೆ ಒಂದೇ ಬಗೆಯ ಪ್ರಶ್ನೆಯಲ್ಲಿ. ಪ್ರೈವೇಟ್ ಸಬ್‌ನೆಟ್‌ನಲ್ಲಿರುವ, ಅಂದರೆ ಇಂಟರ್‌ನೆಟ್‌ಗೆ ನೇರ ದಾರಿಯಿಲ್ಲದ ಜಾಲದ ಭಾಗದಲ್ಲಿರುವ ಸರ್ವರ್ ಹೊರಗಿನಿಂದ ಅಪ್‌ಡೇಟ್ ತರಿಸಿಕೊಳ್ಳಬೇಕು, ಆದರೆ ಹೊರಗಿನವರು ಅದನ್ನು ಮುಟ್ಟಬಾರದು, ಹೇಗೆ ಮಾಡುತ್ತೀರಿ ಎಂದು ಕೇಳಿದರೆ ‘ನ್ಯಾಟ್ ಗೇಟ್‌ವೇ’ ಎಂದು ಥಟ್ಟನೆ ಹೇಳುತ್ತಿದ್ದರು. ಅದನ್ನು ಎಲ್ಲಿ ಇಡುತ್ತೀರಿ, ಏಕೆ ಎಂದು ಮುಂದಿನ ಪ್ರಶ್ನೆ ಬಂದಾಗ ಬಾಯಿಪಾಠ ಅಲ್ಲಿಗೆ ನಿಲ್ಲುತ್ತಿತ್ತು. ನಾನು ಮೇಜಿನ ಮೇಲೆ ಒಂದು ಹಾಳೆ ಇಟ್ಟು, ನಿಮ್ಮ ಕಾರ್ಖಾನೆಯ ನೆಟ್‌ವರ್ಕ್ ಬರೆಯಿರಿ ಎಂದೆ. ಅವರು ತಮ್ಮ ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಪೆನ್ಸಿಲಿನಲ್ಲಿ ಗೆರೆ ಹಾಕಿ, ಪ್ರತಿ ಯಂತ್ರದ ವಿಳಾಸ, ಅದು ಯಾರ ಮೇಜು, ಯಾವ ಸ್ವಿಚ್ಚಿನ ಎಷ್ಟನೇ ಪೋರ್ಟ್ ಎಂದು ಬರೆದಿಟ್ಟಿದ್ದರು; ಬದಲಾದ ಕಡೆ ಅಳಿಸಿ ಬರೆದು ಹಾಳೆ ತೆಳುವಾಗಿತ್ತು. ಅದರ ಪಕ್ಕದಲ್ಲಿಯೇ ನಾನು ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ವಿಪಿಸಿಯ (ಕ್ಲೌಡ್‌ನೊಳಗಿನ ಖಾಸಗಿ ಜಾಲ) ಚಿತ್ರ ಬರೆಯುತ್ತ ಹೋದೆ. ಸಬ್‌ನೆಟ್, ದಾರಿಗಳ ಪಟ್ಟಿಯಾದ ರೂಟ್ ಟೇಬಲ್, ಸರ್ವರಿನ ಫೈರ್‌ವಾಲ್‌ನಂಥ ಸೆಕ್ಯುರಿಟಿ ಗ್ರೂಪ್ ಒಂದೊಂದಾಗಿ ಎದುರುಬದುರು ನಿಂತವು. ಸ್ವಲ್ಪ ಹೊತ್ತು ಎರಡನ್ನೂ ನೋಡಿ ಅವರೇ ಕೇಳಿದರು: ‘ನಮ್ಮ 80 ಸಿಸ್ಟಮ್‌ಗಳು ಒಂದೇ ಪಬ್ಲಿಕ್ ವಿಳಾಸದಲ್ಲಿ ಹೊರಗೆ ಹೋಗುತ್ತವಲ್ಲ ಮೇಡಂ, ನ್ಯಾಟ್ ಅಂದರೆ ಅದೇನಾ?’ ಅದೇ. ಹೊರಗಿನ ದಾರಿ ತನಗೇ ಇಲ್ಲದ ಪೆಟ್ಟಿಗೆ ಇತರರನ್ನು ಹೊರಗೆ ಕಳಿಸಲಾರದು. ಆದ್ದರಿಂದ ಸಾಮಾನ್ಯ ವಿನ್ಯಾಸದಲ್ಲಿ ನ್ಯಾಟ್ ಗೇಟ್‌ವೇ ಇರಬೇಕಾದದ್ದು ಇಂಟರ್‌ನೆಟ್ ಗೇಟ್‌ವೇಗೆ ದಾರಿ ಇರುವ ಪಬ್ಲಿಕ್ ಸಬ್‌ನೆಟ್‌ನಲ್ಲಿ. ಇದನ್ನೂ ನಾನು ಹೇಳಬೇಕಾಗಲಿಲ್ಲ.

ಅವರಲ್ಲಿ ಇದ್ದ ಕೊರತೆ ಜ್ಞಾನದ್ದಲ್ಲ, ತಮ್ಮ ಜ್ಞಾನವನ್ನು ಗುರುತಿಸದಿರುವುದು ಎಂದು ನನಗೆ ಆಗ ಸ್ಪಷ್ಟವಾಯಿತು. ಹಾಗೆಂದು ಕಾರ್ಖಾನೆಯಲ್ಲಿ ಕಲಿತದ್ದೇ ಸಾಕು ಎಂದು ಸಮಾಧಾನ ಹೇಳಿ ಕಳಿಸಿದರೆ ಅದು ಅವರಿಗೆ ಮಾಡುವ ಅನ್ಯಾಯವಾಗುತ್ತಿತ್ತು. ವ್ಯತ್ಯಾಸಗಳೂ ಇವೆ, ಅವು ಸಣ್ಣವಲ್ಲ. ಕಾರ್ಖಾನೆಯ /24 ಜಾಲದ ಒಟ್ಟು 256 ವಿಳಾಸಗಳಲ್ಲಿ 254ನ್ನು ಬಳಸಬಹುದು. ಎಡಬ್ಲ್ಯುಎಸ್ ಪ್ರತಿ ಸಬ್‌ನೆಟ್‌ನಲ್ಲಿ ಐದು ವಿಳಾಸಗಳನ್ನು ತನಗೆಂದು ಇಟ್ಟುಕೊಳ್ಳುವುದರಿಂದ ಅಲ್ಲಿ 251 ಮಾತ್ರ. ಸೆಕ್ಯುರಿಟಿ ಗ್ರೂಪ್ ಒಳಬಂದ ಸಂಪರ್ಕವನ್ನು ನೆನಪಿಟ್ಟುಕೊಂಡು ಅದರ ಉತ್ತರವನ್ನು ತಾನಾಗಿಯೇ ಹೊರಬಿಡುತ್ತದೆ. ಸಬ್‌ನೆಟ್‌ನ ಕಾವಲು ನಿಯಮಗಳ ಪಟ್ಟಿಯಾದ ನೆಟ್‌ವರ್ಕ್ ಎಸಿಎಲ್ ಹಾಗೆ ನೆನಪಿಡದ ಕಾರಣ ಉತ್ತರ ಮರಳುವ ಪೋರ್ಟ್ ಸಂಖ್ಯೆಗಳಿಗೂ ನಾವೇ ಅನುಮತಿ ಬರೆಯಬೇಕು. ಸರ್ವರಿಗೆ ಹೆಸರಿಟ್ಟು ವರ್ಷಗಟ್ಟಲೆ ಜೋಪಾನ ಮಾಡುವ ಅಭ್ಯಾಸವನ್ನು ಕ್ಲೌಡ್‌ನಲ್ಲಿ ಬಿಡಬೇಕಾಗುತ್ತದೆ, ಅಲ್ಲಿ ಕೆಟ್ಟ ಸರ್ವರನ್ನು ಕಿತ್ತೆಸೆದು ಅದೇ ವಿವರಣೆಯಿಂದ ಹೊಸದನ್ನು ಎಬ್ಬಿಸುವುದೇ ಪದ್ಧತಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಖಾನೆಯಲ್ಲಿ ಕೋಣೆಯ ಬೀಗವೂ ಒಂದು ರಕ್ಷಣೆ. ಕ್ಲೌಡ್‌ನಲ್ಲಿ ಆ ಬೀಗದ ಜಾಗದಲ್ಲಿ ನಿಲ್ಲುವುದು ಯಾರಿಗೆ ಯಾವ ಅನುಮತಿ ಎಂಬ ಐಎಎಂ ವ್ಯವಸ್ಥೆ. ಅವರು ಇದನ್ನು ಕೋರ್ಸಿನಲ್ಲಿ ಒಂದೇ ದಿನದಲ್ಲಿ ಮುಗಿಸಿದ್ದರು.

ಎರಡನೆಯ ಮತ್ತು ಮೂರನೆಯ ಭೇಟಿಗಳಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ಕೆಲಸ ಬಿಡಬೇಡಿ, ಹೊಸ ಸಾಲ ಮಾಡಬೇಡಿ. ನೀವು ಹಣ ಕೊಟ್ಟು ಕಲಿಯಲು ಹೊರಟಿರುವುದರ ಅರ್ಧ ಭಾಗ ನಿಮಗೆ ಸಂಬಳ ಕೊಡುವ ಕೋಣೆಯಲ್ಲಿಯೇ ಇದೆ. ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದಿರುವ 16 ಜಿಬಿ ರ್‍ಯಾಮ್‌ನ ಡೆಸ್ಕ್‌ಟಾಪನ್ನು ಮಾಲೀಕರ ಲಿಖಿತ ಅನುಮತಿ ಪಡೆದು ಮನೆಗೆ ತನ್ನಿ. ಅದರಲ್ಲಿ ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ, ಎರಡು ಸಬ್‌ನೆಟ್, ನಡುವೆ ರೂಟರ್ ಆಗಿ ಒಂದು ಲಿನಕ್ಸ್ ಯಂತ್ರ, ಹೆಸರಿಗೆ ವಿಳಾಸ ಹುಡುಕಿಕೊಡುವ ಒಂದು ಡಿಎನ್‌ಎಸ್, ಒಂದು ವೆಬ್ ಸರ್ವರ್ ಕಟ್ಟಿ. ನಿಮ್ಮ ಕೈ ಇದುವರೆಗೆ ವಿಂಡೋಸ್‌ನಲ್ಲಿ ಮಾತ್ರ ಪಳಗಿದೆ. ಆದ್ದರಿಂದ ಮೊದಲ ಮೂರು ತಿಂಗಳು ಲಿನಕ್ಸ್‌ಗೆ ಮೀಸಲಿಡಿ. ವಾರಕ್ಕೊಮ್ಮೆ ಬೇಕೆಂದೇ ಏನನ್ನಾದರೂ ಕೆಡಿಸಿ: ಒಂದು ರೂಟ್ ಅಳಿಸಿ, ಡಿಎನ್‌ಎಸ್‌ನಲ್ಲಿ ತಪ್ಪು ವಿಳಾಸ ಬರೆಯಿರಿ, ಡಿಸ್ಕ್ ತುಂಬಿಸಿ. ಪ್ಯಾಕೆಟ್ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) ಎಲ್ಲಿ ನಿಂತಿತು ಎಂಬುದನ್ನು ಟಿಸಿಪಿಡಂಪ್ ಎಂಬ ಉಪಕರಣದಲ್ಲಿ ಕಣ್ಣಾರೆ ನೋಡಿ, ಕಂಡುಹಿಡಿದ ಬಗೆಯನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಅದೇ ವಿನ್ಯಾಸವನ್ನು ಎಡಬ್ಲ್ಯುಎಸ್‌ನ ಮುಂಬೈ ಪ್ರದೇಶದಲ್ಲಿ ಒಮ್ಮೆ ಕೈಯಾರೆ, ಮತ್ತೊಮ್ಮೆ ಇಡೀ ವಿನ್ಯಾಸವನ್ನು ಕೋಡಿನಿಂದಲೇ ಎಬ್ಬಿಸುವ ಟೆರಾಫಾರ್ಮ್‌ನಲ್ಲಿ ಬರೆದು ಕಟ್ಟಿ. ಕಟ್ಟುವ ಮೊದಲೇ ಖರ್ಚಿನ ಎಚ್ಚರಿಕೆ ಸಂದೇಶದ ವ್ಯವಸ್ಥೆ ಮಾಡಿಕೊಳ್ಳಿ. ನ್ಯಾಟ್ ಗೇಟ್‌ವೇ ಸುಮ್ಮನೆ ಇದ್ದರೂ ಗಂಟೆಯ ಲೆಕ್ಕದಲ್ಲಿ ಹಣ ಬೀಳುತ್ತದೆ, ಅಭ್ಯಾಸ ಮುಗಿದ ರಾತ್ರಿಯೇ ಅದನ್ನು ತೆಗೆದುಬಿಡಿ.

ಕ್ಲೌಡ್‌ಗೆ ಹೋಗುವವರೆಲ್ಲ ಮೊದಲು ಕೇಬಲ್ ಕ್ರಿಂಪ್ ಮಾಡಿಯೇ ಬರಬೇಕೆಂದು ನಾನು ಹೇಳುವುದಿಲ್ಲ. ಡಿಸ್ಕ್ ಅರೇ ಕಾರ್ಡುಗಳ ಮಾದರಿಗಳನ್ನೋ ಸರ್ವರ್ ಖರೀದಿಯ ವ್ಯವಹಾರವನ್ನೋ ಆಳವಾಗಿ ಕಲಿಯಲು ವರ್ಷಗಳನ್ನು ಕೊಡುವುದು ಇಂದು ಅನಗತ್ಯ. ಆದರೆ ವಿಳಾಸ, ದಾರಿ, ಹೆಸರು, ಅನುಮತಿ, ಬ್ಯಾಕಪ್ ಈ ಐದೂ ಎಲ್ಲಿ ಹೋದರೂ ಬೆನ್ನಿಗಿರುತ್ತವೆ. ಅವನ್ನು ಕೈಯಿಂದ ಮಾಡಿ ಕಲಿತವರು ಹೊಸ ಸೇವೆಯ ಹೆಸರು ಕೇಳಿ ಬೆಚ್ಚುವುದಿಲ್ಲ. ಜೊತೆಗೆ ಒಂದು ಗಡುವನ್ನೂ ಹಾಕಿಕೊಳ್ಳಲು ಹೇಳಿದೆ: ಒಂಬತ್ತು ತಿಂಗಳು. ಸಂದರ್ಶನಕ್ಕೆ ಹೋಗುವ ಭಯದಿಂದ ‘ಇನ್ನೂ ಕಲಿಯುತ್ತಿದ್ದೇನೆ’ ಎಂದು ಕುಳಿತವರನ್ನು ನಾನು ಸಾಕಷ್ಟು ನೋಡಿದ್ದೇನೆ.

ನಾಲ್ಕನೆಯ ಭೇಟಿಗೆ, ಅವರ ಒಪ್ಪಿಗೆಯ ಮೇಲೆ, ಅಣ್ಣನನ್ನೂ ಕರೆಸಿದೆ. ತಂಗಿಯ ಮೇಲಿನ ಕಾಳಜಿಯಿಂದಲೇ ಅವರು ಒತ್ತಡ ಹೇರಿದ್ದರು. ಸೋಮವಾರದ ರೂಟರಿನ ಕಥೆಯನ್ನು ಆಕೆಯ ಬಾಯಿಂದಲೇ ಕೇಳಿ, ‘ಇದನ್ನು ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ’ ಎಂದರು. ಹೊಸ ಕೋರ್ಸಿನ ಮಾತು ಅಲ್ಲಿಗೆ ನಿಂತಿತು. ನಿದ್ದೆ ಮರಳಲು ಇನ್ನೂ ಕೆಲವು ವಾರ ಹಿಡಿಯಿತು.

ಆರನೆಯ ತಿಂಗಳಲ್ಲಿ ಕಾರ್ಖಾನೆಯಲ್ಲಿಯೇ ಒಂದು ಅವಕಾಶ ಒದಗಿತು. ಅಲ್ಲಿನ ಹಳೆಯ ಸರ್ವರಿನಲ್ಲಿದ್ದುದು ವಿಂಡೋಸ್ ಸರ್ವರ್ 2012 ಆರ್2. ಅದರ ಬೆಂಬಲದ ಅವಧಿ 2023ರ ಅಕ್ಟೋಬರ್ 10ಕ್ಕೇ ಮುಗಿದಿತ್ತು. ಹಾಗೆಯೇ ಓಡಿಸುವುದರ ಅಪಾಯವನ್ನು ವಿವರಿಸಿ, ಫೈಲುಗಳನ್ನೂ ಬ್ಯಾಕಪ್ಪನ್ನೂ ಕ್ಲೌಡ್‌ಗೆ ಸಾಗಿಸುವ ಬಗ್ಗೆ ಅವರು ಮಾಲೀಕರಿಗೆ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆದುಕೊಟ್ಟರು. ಮಾಲೀಕರು ಒಪ್ಪಿದರು. ಕಾರ್ಖಾನೆಯನ್ನೂ ಅದರ ತುಮಕೂರಿನ ಘಟಕವನ್ನೂ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ, ಸುರಕ್ಷಿತ ಸಂಪರ್ಕ) ಮೂಲಕ ಕ್ಲೌಡ್‌ಗೆ ಜೋಡಿಸಲು ಹೊರಟಾಗ ಎರಡೂ ಕಡೆ 192.168.1.0/24 ಎಂಬ ಒಂದೇ ಜಾಲ ಇರುವುದು ಕಂಡಿತು. ಖಾಸಗಿ ಜಾಲಗಳಿಗೆಂದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್‌ನೆಟ್ ದಾಖಲೆ ಮೀಸಲಿಟ್ಟ ವಿಳಾಸಗಳು ಒಂದೂಮುಕ್ಕಾಲು ಕೋಟಿಗೂ ಹೆಚ್ಚು ಇದ್ದರೂ ಬಹುಪಾಲು ಕಡೆ ರೂಟರಿನೊಂದಿಗೆ ಬಂದ ವಿಳಾಸವನ್ನೇ ಹಾಗೇ ಬಿಟ್ಟಿರುತ್ತಾರೆ. ಒಂದೇ ವಿಳಾಸ ಎರಡು ಊರಿನಲ್ಲಿದ್ದರೆ ಉತ್ತರ ಯಾವ ಊರಿಗೆ ಮರಳಬೇಕೆಂದು ರೂಟರಿಗೆ ತಿಳಿಯುವುದಿಲ್ಲ. ಅವರು ಕ್ಲೌಡ್‌ಗೆ 10.20.0.0/16 ಎಂದು ಗೊತ್ತುಮಾಡಿ, ಎರಡು ಭಾನುವಾರ ತುಮಕೂರಿಗೆ ಹೋಗಿ ಅಲ್ಲಿನ ಎಲ್ಲ ಯಂತ್ರಗಳ ವಿಳಾಸ ಬದಲಿಸಿ ಬಂದರು. ಇದು ಯಾವ ಕೋರ್ಸಿನಲ್ಲೂ ಅವರಿಗೆ ಎದುರಾಗಿರಲಿಲ್ಲ.

ಎಂಟನೆಯ ತಿಂಗಳ ಸಂದರ್ಶನವೊಂದರಲ್ಲಿ ಅದೇ ಹಳೆಯ ಪ್ರಶ್ನೆ ಮತ್ತೆ ಬಂತು. ಈ ಬಾರಿ ಅವರು ಎದ್ದು ಹೋಗಿ ಬೋರ್ಡಿನ ಮೇಲೆ ಕಾರ್ಖಾನೆಯ ಚಿತ್ರ ಬರೆದು ಅಲ್ಲಿಂದ ಉತ್ತರ ಶುರುಮಾಡಿದರಂತೆ. ಕೆಲಸ ಸಿಕ್ಕಿದೆ. ಸಂಬಳ ಅಣ್ಣ ಅಂದುಕೊಂಡಷ್ಟಿಲ್ಲ, ಪಾಳಿಯಲ್ಲಿ ರಾತ್ರಿಯೂ ಇದೆ. ಒಪ್ಪಬೇಕೇ ಬೇಡವೇ ಎಂದು ಕೇಳಲು ಬಂದಾಗ ನಾನು ತೀರ್ಮಾನ ಹೇಳಲಿಲ್ಲ, ಲಾಭನಷ್ಟವನ್ನು ಅವರ ಕೈಯಲ್ಲೇ ಬರೆಸಿದೆ. ಅವರು ಒಪ್ಪಿದರು, ಆದರೆ ಸೇರಲು 45 ದಿನ ಕೇಳಿ ಪಡೆದರು, ಫೈಲ್ ಸರ್ವರಿನ ಸಾಗಾಟ ಮುಗಿಸಿಯೇ ಹೊರಡಬೇಕೆಂದು. ಕೊನೆಯ ಭೇಟಿಯಲ್ಲಿ ಅವರ ಚೀಲದಲ್ಲಿ ಎರಡು ನೋಟ್‌ಬುಕ್ಕುಗಳಿದ್ದವು. ತಮ್ಮ ಜಾಗಕ್ಕೆ ಬರಲಿರುವ ಐಟಿಐ ಹುಡುಗನಿಗೆಂದು ಹಳೆಯದರಿಂದ ಹೊಸದಕ್ಕೆ ವಿಳಾಸಗಳನ್ನು ನಕಲು ಮಾಡುತ್ತಿದ್ದರು; 17ನೇ ಪೋರ್ಟಿನ ಎದುರು ಕೆಂಪು ಶಾಯಿಯಲ್ಲಿ ‘ಇಲ್ಲಿ ವೈಫೈ ರೂಟರ್ ಸಿಕ್ಕಿಸಬಾರದು’ ಎಂದು ಬರೆದಿತ್ತು.